ಒಂದು ಖಡ್ಗ, ಊರಿಗೊಂದು ಮಾತು

ನಾನು ಬಿಟ್ಟುಬಂದ ಕೆಲಸಕ್ಕೆ ಈಗ ಹೊಸಬಳೊಬ್ಬಳು ಸೇರಿದ್ದಾಳೆ. ಓದಿಕೊಂಡವಳು, ಚುರುಕು. ಮೊನ್ನೆ ಫೋನು ಮಾಡಿ, "ಮೇಡಂ, ಒಂದೇ ಪುಸ್ತಕನ ಒಬ್ರು ಭಾಳ ಚೆನ್ನಾಗಿದೆ ಅಂತಾರೆ, ಇನ್ನೊಬ್ರು ಇಂಥದ್ದನ್ನ ಯಾಕೆ ಇಟ್ಕೊಂಡಿದೀರ ಅಂತ ರೇಗ್ತಾರೆ. ನಾನು ಯಾರ ಕಡೆ ಮಾತಾಡ್ಲಿ?" ಎಂದು ಕೇಳಿದಳು. ಉತ್ತರ ಹೇಳಲು ಹೊರಟೆ. ಮಾತು ಎಲ್ಲೆಲ್ಲಿಗೋ ಹೋಯಿತು, ಅವಳ ಊಟದ ಹೊತ್ತು ಮುಗಿದುಹೋಯಿತು, ನನ್ನ ಉತ್ತರ ಮಾತ್ರ ಮುಗಿಯಲಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ. ಅವಳಂತೆ ಈ ಕೆಲಸಕ್ಕೆ ಬರುವ ಬೇರೆಯವರಿಗೂ ಇದು ಉಪಯೋಗಕ್ಕೆ ಬಂದೀತು.

ನಾನು ಮಾಡುತ್ತಿದ್ದುದು ಪುಸ್ತಕದ ವ್ಯಾನಿನಲ್ಲಿ ಗ್ರಂಥಪಾಲಕಿಯ ಕೆಲಸ. ಹಾಸನದ ಒಂದು ಟ್ರಸ್ಟಿನವರು ಆ ವ್ಯಾನು ನಡೆಸುತ್ತಿದ್ದರು. ಚನ್ನರಾಯಪಟ್ಟಣಕ್ಕೊಂದು ದಿನ, ಹೊಳೆನರಸೀಪುರಕ್ಕೊಂದು ದಿನ, ಅರಕಲಗೂಡಿಗೊಂದು ದಿನ, ಮಧ್ಯೆ ಸಿಗುವ ಹಳ್ಳಿಗಳಲ್ಲಿ ಅರಳೀಕಟ್ಟೆಯ ಬಳಿಯೋ ಹಾಲಿನ ಡೈರಿಯ ಬಳಿಯೋ ಸ್ವಲ್ಪ ಹೊತ್ತು. ನನ್ನ ಜೊತೆಗೆ ಇದ್ದವನು ಡ್ರೈವರ್ ಸಿದ್ದೇಶ. ಅವನು ಒಂದು ಪುಸ್ತಕವನ್ನೂ ಓದಿದವನಲ್ಲ. ಆದರೆ ಕಿಟಕಿಗೆ ಮೊಣಕೈ ಊರಿ ಕೂತು ಓದುಗರ ಮಾತು ಕೇಳಿ ಕೇಳಿ, ಯಾವ ಕಾದಂಬರಿಯ ಕತೆ ಬೇಕಾದರೂ ಹೇಳಬಲ್ಲವನಾಗಿದ್ದ. ನನಗೆ ಯಾವಾಗ ಕೆಲಸ ಖಾಯಂ ಆಯಿತು, ಯಾವಾಗ ಬಡ್ತಿ ಬಂತು ಎಂಬುದನ್ನೆಲ್ಲ ಇಲ್ಲಿ ಹೇಳಿ ಯಾರಿಗೂ ಪ್ರಯೋಜನವಿಲ್ಲ.

ಕೆಲಸ ಎಂದರೆ ಏನು ಅಂತ ಹೇಳಿಬಿಡುತ್ತೇನೆ. ಧೂಳು. ಬಿಸಿಲಿಗೆ ಕಾದ ತಗಡಿನ ಪೆಟ್ಟಿಗೆಯೊಳಗೆ ನಿಂತು ಪುಸ್ತಕ ಜೋಡಿಸುವುದು. ಹಿಂದಿರುಗಿ ಬಂದ ಪುಸ್ತಕಗಳಿಗೆ ಅಂಟಿದ ವಾಸನೆ. ರಾಮನಾಥಪುರದಿಂದ ಬಂದರೆ ಹೊಗೆಸೊಪ್ಪು, ಚನ್ನರಾಯಪಟ್ಟಣದಿಂದ ಬಂದರೆ ಕೊಬ್ಬರಿ. ಮೊದಲು ಪುಸ್ತಕದ ಹಿಂದೆ ಅಂಟಿಸಿದ ಚೀಟಿಯ ಮೇಲೆ ತಾರೀಖು ಒತ್ತುತ್ತಿದ್ದೆವು. ಸೀಲಿಗೆ ಮಸಿ ಹಚ್ಚಿ ಒತ್ತುವಷ್ಟರಲ್ಲಿ ಓದುಗರು ಪುಸ್ತಕದ ಬಗ್ಗೆ ಒಂದು ಮಾತು ಆಡಿಯೇ ಆಡುತ್ತಿದ್ದರು. ಆಮೇಲೆ ಪುಸ್ತಕದ ಮೇಲಿನ ಗೆರೆಗಳನ್ನು ಓದುವ ಕೆಂಪು ದೀಪದ ಯಂತ್ರ ಬಂತು. ‘ಟುಯ್ಞ್’ ಎಂದು ಒಂದು ಸದ್ದು, ಅಲ್ಲಿಗೆ ಮುಗಿಯಿತು. ಕೆಲಸ ಬೇಗ ಆಗುತ್ತಿತ್ತು, ಮಾತು ನಿಂತುಹೋಯಿತು. ಅದು ನನಗೆ ಸರಿಬರಲಿಲ್ಲ. ಯಂತ್ರ ಕೂಗಿದ ಮೇಲೂ ಪುಸ್ತಕವನ್ನು ಕೈಯಲ್ಲೇ ಹಿಡಿದುಕೊಂಡು, "ಹೇಗಿತ್ತು?" ಎಂದು ಕೇಳುವ ಅಭ್ಯಾಸ ಮಾಡಿಕೊಂಡೆ. ನನ್ನ ಕೆಲಸದಲ್ಲಿ ನಾನು ಕಂಡ ಒಳ್ಳೆಯದೂ ಫಜೀತಿಯೂ ಎಲ್ಲ ಆ ಒಂದು ಪ್ರಶ್ನೆಯಿಂದಲೇ ಬಂದದ್ದು.

ಎಲ್ಲಕ್ಕಿಂತ ಹೆಚ್ಚಿನ ಫಜೀತಿ ತಂದದ್ದು ‘ನೀಲಿಗವಿಯ ಖಡ್ಗ’ ಎಂಬ ಕಾದಂಬರಿ.

ದಪ್ಪನೆಯ ಪುಸ್ತಕ. ಮುಖಪುಟದಲ್ಲಿ ಕೋಟೆ, ಕೋಟೆಯ ಮೇಲೆ ಮಿಂಚು. ಕತೆ ಗೊತ್ತಿಲ್ಲದವರಿಗಾಗಿ ಸ್ವಲ್ಪದರಲ್ಲಿ ಹೇಳುತ್ತೇನೆ. ಮಾರಧೀರ ಎಂಬ ಅನಾಥ ದೋಣಿ ನಡೆಸುವವರ ಮನೆಯಲ್ಲಿ ಬೆಳೆಯುತ್ತಾನೆ. ನಾಡಿಗೆ ಕತ್ತಲೆ ಕವಿದಿದೆ. ಗವಿಗಳಲ್ಲಿ ವಾಸಿಸುವ ಮಸಿಯರು ಎಂಬ ಜನ ಸೂರ್ಯನನ್ನು ಕದ್ದಿದ್ದಾರೆ ಎಂದು ಅರಮನೆಯವರು ಸಾರಿದ್ದಾರೆ. ನೀಲಿಗವಿಯ ಖಡ್ಗ ಸಿಕ್ಕರೆ ಬೆಳಕು ಮರಳುತ್ತದೆ. ಮಾರಧೀರ ಹೊರಡುತ್ತಾನೆ. ಜೊತೆಗೆ ಚಂಡಿಕೆ ಎಂಬ ಒಕ್ಕಣ್ಣಿನ ಬಿಲ್ಲುಗಾತಿ. ಬೆಂಕಿಯ ಹೊಳೆ, ಮಾತಾಡುವ ರಣಹದ್ದು, ಹಗ್ಗದ ಸೇತುವೆ ಎಲ್ಲ ಎದುರಾಗುತ್ತವೆ. ಸೇತುವೆಯ ಮೇಲೆ ಚಂಡಿಕೆ ಸಾಯುತ್ತಾಳೆ. ಮಾರಧೀರ ಮಸಿಯರನ್ನು ಕೊಂದು ಖಡ್ಗ ತರುತ್ತಾನೆ. ಕೊನೆಗೆ ಅವನು ಅನಾಥನಲ್ಲ, ರಾಜನ ಮಗ ಎಂದು ತಿಳಿದು ಪಟ್ಟಾಭಿಷೇಕವಾಗುತ್ತದೆ. ನನಗೆ ದೋಣಿಯವರ ಮನೆಯ ಅಧ್ಯಾಯ ಹಿಡಿಸಿತು, ಯುದ್ಧಗಳು ಬಂದಾಗ ಹಾಳೆ ಹಾರಿಸಿದೆ. ಅಷ್ಟೇ ನನ್ನ ಅಭಿಪ್ರಾಯ.

ಪುಸ್ತಕ ಬಂದ ಹೊಸತರಲ್ಲಿ ಒಂದು ಎಡವಟ್ಟು ಮಾಡಿದೆ. ಮುಖಪುಟದ ಕೋಟೆ ನೋಡಿ, ಒಳಗೆ ತೆರೆದೂ ನೋಡದೆ, ಅದನ್ನು ಇತಿಹಾಸದ ಸಾಲಿನಲ್ಲಿ ಇಟ್ಟುಬಿಟ್ಟೆ. ಶೆಟ್ಟಿಹಳ್ಳಿಯ ಕಡೆ ಹೋದಾಗ ಅಲ್ಲಿಯ ಒಬ್ಬ ರೈತ ಅದನ್ನು ಒಯ್ದ. ಅಣೆಕಟ್ಟಿನ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಏಳುವ ಹಳೆಯ ಇಗರ್ಜಿ ನೋಡಲು ಬರುವವರಿಗೆ ಬಿಡುವಿದ್ದಾಗ ಅದೂ ಇದೂ ತೋರಿಸಿ ಕತೆ ಹೇಳುತ್ತಿದ್ದವನು ಅವನು. ಮುಂದಿನ ಸಲ ಹೋದಾಗ, "ಪುಸ್ತಕ ಬೋ ಪಸಂದಾಗದೆ ಮೇಡಂ. ಮಾರಧೀರ ದೊರೆ ನಮ್ಮ ಹೊಳೆ ದಾಟವ್ನೆ ಅಂತ ಈಗ ಬಂದೋರ್ಗೆಲ್ಲ ಏಳ್ತಾ ಇವ್ನಿ" ಎಂದ. ಅಯ್ಯೋ, ಅದು ಕಟ್ಟುಕತೆ, ಅಂಥ ದೊರೆಯೇ ಇರಲಿಲ್ಲ ಎಂದೆ. ಅವನು, "ಓಗ್ಲಿ ಬುಡಿ. ಕೇಳ್ದೋರು ಕುಸಿಯಾಗ್ ಓದ್ರು" ಎಂದು ಪುಸ್ತಕ ಬದಲಾಯಿಸಿಕೊಂಡು ಹೋದ. ಅವತ್ತೇ ಅದನ್ನು ಕಾದಂಬರಿಗಳ ಸಾಲಿಗೆ ತಂದಿಟ್ಟೆ. ಹೊಸಬರಿಗೆ ಒಂದು ಮಾತು: ಮುಖಪುಟ ನೋಡಿ ಸಾಲು ಹಂಚಬೇಡಿ.

ಚನ್ನರಾಯಪಟ್ಟಣದ ಜಯಲಕ್ಷ್ಮಮ್ಮನ ಕತೆ ಬೇರೆ. ಕೊಬ್ಬರಿ ವ್ಯಾಪಾರದ ಮನೆಯ ಯಜಮಾನಿ, ಮಧ್ಯಾಹ್ನದ ಕೆಲಸ ಮುಗಿಸಿ ನೆರೆಹೊರೆಯ ಹೆಂಗಸರಿಗೆ ಓದಿದ್ದನ್ನು ಹೇಳುವುದೆಂದರೆ ಅವರಿಗೆ ಪ್ರಾಣ. ‘ನೀಲಿಗವಿಯ ಖಡ್ಗ’ವನ್ನು ಹಿಂದಕ್ಕೆ ತಂದುಕೊಟ್ಟಾಗ ನಡುವೆ ಒಂದು ಹೂವಿನ ದಾರ ಗುರುತಿಗೆ ಇಟ್ಟ ಹಾಗೇ ಇತ್ತು.

"ಮುಗೀಲಿಲ್ವಾ?" ಎಂದೆ.

"ಸೇತ್ವೆ ಮೇಲೆ ಚಂಡಿಕೆ ಸತ್ತೋದ್ಲು. ಅವ್ಳಿಲ್ದಿದ್ ಮೇಲೆ ನಾನ್ಯಾಕೆ ಮುಂದ್ಕೆ ಓದ್ಲಿ? ಆ ಮಾರಧೀರಂಗೆ ಬಾಣ ಊಡೋದು ಕಲ್ಸಿದ್ದೇ ಅವ್ಳು. ಅವ್ನಿಗೆ ಕಿರೀಟ, ಇವ್ಳಿಗೆ ಸಾವು. ಚೆಂದಾಗದೆ ನ್ಯಾಯ!" ಎಂದು ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿ ಹೊರಟುಹೋದರು.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಆದರೆ ಮುಂದಿನ ವಾರಗಳಲ್ಲಿ ಅದೇ ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಅದೇ ಪುಸ್ತಕ ಕೇಳತೊಡಗಿದರು. ಒಯ್ದವರು ಸಿಟ್ಟಿನಿಂದ ಹಿಂದಿರುಗಿಸಿದರು. "ನಿಮ್ಮ ಪುಸ್ತಕದಾಗೆ ತಪ್ಪು ಪ್ರಿಂಟಾಗದೆ. ಚಂಡಿಕೆ ಸಾಯಕಿಲ್ಲ. ಹೊಳೇಗ್ ಬಿದ್ದೋಳು ಈಜ್ಕಂಡ್ ಬಂದು ಅವ್ಳೇ ಖಡ್ಗ ತತ್ತಾಳೆ, ಆಮೇಲೆ ರಾಣಿ ಆಯ್ತಾಳೆ" ಎಂದು ಒಬ್ಬಾಕೆ ನನಗೆ ತಿಳಿಹೇಳಿದರು. ಜಯಲಕ್ಷ್ಮಮ್ಮ ಉಳಿದ ಅರ್ಧ ಓದುವ ಬದಲು ತಾವೇ ಕತೆ ಮುಗಿಸಿ ಹೇಳಿಬಿಟ್ಟಿದ್ದರು. ಸಿದ್ದೇಶ ಸ್ಟಿಯರಿಂಗಿಗೆ ಹಣೆ ಹಚ್ಚಿಕೊಂಡು ನಗುತ್ತಿದ್ದ.

ಅದೇ ಪುಸ್ತಕ ರಾಮನಾಥಪುರಕ್ಕೆ ಹೋದಾಗ ಯಾರೂ ನಗಲಿಲ್ಲ.

ಪುಟ್ಟಸ್ವಾಮಿಗೌಡರು ಅಲ್ಲಿನ ಹೊಗೆಸೊಪ್ಪಿನ ಬೆಳೆಗಾರರು. ಸೊಪ್ಪು ಬೇಯಿಸುವ ಬ್ಯಾರನ್ನಿನೊಳಗೆ ಅಟ್ಟ ಹತ್ತಿ ಎಲೆ ಕಟ್ಟಿದ ಕಡ್ಡಿ ಏರಿಸುತ್ತಿದ್ದಾಗ ಕಾಲು ಜಾರಿ ಮೇಲಿನಿಂದ ಬಿದ್ದು ತೊಡೆಯ ಮೂಳೆ ಮುರಿದಿತ್ತು. ಅವರ ಹೆಂಡತಿ ವ್ಯಾನಿನ ಬಳಿ ಬಂದು, "ಯಾವ್ದಾದ್ರೂ ದಪ್ಪಕಿರ ಪುಸ್ತಕ ಕೊಡಿ ಮೇಡಂ. ಬಿರ್ನೆ ಮುಗೀಬಾರ್ದು. ಮಂಚದ್ ಮ್ಯಾಲೆ ಮಲ್ಗಿ ಮನೇಲಿರ ಎಲ್ರುನ್ನೂ ಬಯ್ಯದೇ ಕೆಲ್ಸ ಆಗೋಗದೆ" ಎಂದರು. ಇದ್ದುದರಲ್ಲಿ ದಪ್ಪನೆಯದು ಅದೇ ಆಗಿತ್ತು. ಕೊಟ್ಟೆ.

ತರುವಾಯ ಪ್ರತಿ ಸಲವೂ ಅವಧಿ ಮುಂದುವರಿಸಿಕೊಂಡು ಹೋಗಲು ಆಕೆ ಬರುತ್ತಿದ್ದರು. ಗೌಡರು ಹೇಗಿದ್ದಾರೆ ಎಂದರೆ ಒಂದು ದಿನ ಹೇಳಿದ ಮಾತು ಇದು: "ಡಾಕುಟ್ರು ನಡೀರಿ ಅಂದ್ರೂ ನಡೀತಿರ್ನಿಲ್ಲ, ಎದ್ರಿಕೆ. ಈಗ ಮಂಚದಿಂದ ಬಾಗ್ಲಗಂಟ ಓಗದು ಬೆಂಕಿ ಒಳೆಯಂತೆ. ದಾಟ್ದೆ ಕಣೆ ಅಂತ ಕೂಗ್ತಾರೆ. ಅಂಗ್ಳದ ಮೆಟ್ಲು ಇಳ್ಯದು ಅಗ್ಗದ ಸೇತ್ವೆಯಂತೆ. ಅದೊಂದು ಇನ್ನೂ ಆಗಿಲ್ಲ."

ಕೆಲವು ತಿಂಗಳ ಮೇಲೆ ನಾವು ರಾಮನಾಥಪುರದಲ್ಲಿ ವ್ಯಾನು ನಿಲ್ಲಿಸಿದಾಗ ಎತ್ತರದ ಒಬ್ಬ ಮನುಷ್ಯ ಊರುಗೋಲು ಹಿಡಿದು ನಿಧಾನವಾಗಿ ಬಂದರು. ಬೆವರು ಇಳಿಯುತ್ತಿತ್ತು. ಪುಸ್ತಕವನ್ನು ಮುಂದೆ ಚಾಚಿ, "ನಾನೇ ತಂದ್ಕೊಡ್ಬೇಕು ಅಂತ ಬಂದೆ" ಎಂದರು. ನಾನು ಹೇಗಿತ್ತು ಎಂದು ಕೇಳುವ ಅಗತ್ಯವಿರಲಿಲ್ಲ. ಅವರು ನಿಂತಿದ್ದ ರೀತಿಯೇ ಹೇಳುತ್ತಿತ್ತು. ಸಿದ್ದೇಶ ಇಳಿದು ಹೋಗಿ ಸ್ಟೂಲು ತಂದ. ಗೌಡರು ಕೂರಲಿಲ್ಲ.

ಆಮೇಲೆ ಆ ಪುಸ್ತಕ ಹೊಳೆನರಸೀಪುರದ ಕಡೆಯ ಹಳೇಕೋಟೆಗೆ ಹೋಯಿತು. ಒಯ್ದವಳು ಸುಜಾತ. ಆ ಕಡೆಯ ಹಳ್ಳಿಗಳಿಗೆ ಸ್ಕೂಟಿಯಲ್ಲಿ ಟಪಾಲು ಹಂಚುತ್ತಿದ್ದ ಹೆಣ್ಣುಮಗಳು. ಅವಳ ತಂದೆ ಕೂಲಿ ಮಾಡಿ ಓದಿಸಿದವರು, ಬೌದ್ಧ ಧರ್ಮಕ್ಕೆ ಸೇರಿದವರು. ಬುದ್ಧನಿಗೆ ಪಾಯಸ ನೀಡಿದ ಸುಜಾತೆಯ ಹೆಸರನ್ನು ಮಗಳಿಗಿಟ್ಟದ್ದೂ ಅದಕ್ಕೇ. ವ್ಯಾನಿನ ಓದುಗರಲ್ಲಿ ಅವಳಷ್ಟು ಜಾಗ್ರತೆಯಾಗಿ ಓದುವವರು ಕಡಿಮೆ.

"ಹೇಗಿತ್ತು?" ಎಂದೆ.

"ಎರಡ್ಸಲ ಓದ್ದೆ ಮೇಡಂ. ಮೊದಲ್ನೇ ಸಲ ಕೆಳಗಿಡಕ್ಕೇ ಆಗ್ಲಿಲ್ಲ. ಎರಡ್ನೇ ಸಲ ಕೋಪ ಬಂತು."

"ಯಾಕೆ?"

ಅವಳು ಹೆಲ್ಮೆಟ್ಟನ್ನು ಮೇಜಿನ ಮೇಲಿಟ್ಟಳು. "ಮಸಿಯರಲ್ಲಿ ಒಬ್ರಿಗಾದ್ರೂ ಹೆಸ್ರಿದ್ಯಾ ಹೇಳಿ. ಹದ್ದಿಗೆ ಹೆಸ್ರಿದೆ. ಕುದುರೆಗೆ ಹೆಸ್ರಿದೆ. ಅಷ್ಟು ಜನ ಸಾಯ್ತಾರೆ, ಒಬ್ರಿಗೂ ಹೆಸ್ರಿಲ್ಲ. ಕಪ್ಪು ಮೈ, ನಾತ, ಅವ್ರ ನೆರಳು ಬಿದ್ರೆ ನೀರು ಕೆಡುತ್ತೆ ಅಂತ ಬರ್ದವ್ರೆ. ನಮ್ಮಜ್ಜಿಗೆ ಈ ಮಾತು ಹೊಸದಲ್ಲ ಮೇಡಂ. ಅವ್ಳು ಪುಸ್ತಕದಲ್ಲಿ ಓದಿದ್ದಲ್ಲ ಅಷ್ಟೇ." ಪುಸ್ತಕದ ಕೊನೆಯ ಪುಟ ತೆರೆದು, "ಇನ್ನೊಂದು. ದೋಣಿಯೋರ ಮನೇಲಿ ಬೆಳ್ದೋನು ದೋಣಿಯೋರ ಮಗನಾಗೇ ಗೆಲ್ಬಾರ್ದಿತ್ತಾ? ಕೊನೇಲಿ ರಾಜನ ಮಗ ಅಂತ ಮಾಡ್ಲೇಬೇಕಿತ್ತಾ?" ಎಂದಳು.

ನಾನು ಹಾಳೆ ಹಾರಿಸಿದ ಯುದ್ಧಗಳಲ್ಲಿ ಇದೆಲ್ಲ ಇತ್ತು. "ಹಾಗಾದರೆ ಇದನ್ನ ವ್ಯಾನಿಂದ ತೆಗೆದುಬಿಡಲೇನಮ್ಮ?" ಎಂದೆ.

"ತೆಗೀಬೇಡಿ. ಓದೋರು ಓದ್ಲಿ. ನಾನು ಹೀಗಂದೆ ಅಂತ್ಲೂ ಹೇಳಿ ಕೊಡಿ" ಎಂದು ಹೆಲ್ಮೆಟ್ಟು ಹಾಕಿಕೊಂಡು ಹೊರಟಳು.

ಹೇಳಿದೆ. ಮುಂದಿನ ಸರದಿಯಲ್ಲಿ ರಾಮನಾಥಪುರದಲ್ಲಿ ಗೌಡರು ಅದೇ ಪುಸ್ತಕ ಮತ್ತೆ ಕೇಳಿದಾಗ ಸುಜಾತ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಗೌಡರ ಮುಖ ಕೆಂಪಾಯಿತು. "ಯಾರದು? ಅವ್ರಿಗೇನ್ ಗೊತ್ತು ಆ ಪುಸ್ತಕ ಏನು ಅಂತ? ರಾಕ್ಷಸ್ರು ಅಂದ್ಮೇಲೆ ರಾಕ್ಷಸ್ರು. ಅವ್ರಿಗ್ಯಾಕೆ ಎಸ್ರು?" ಎಂದು ಊರುಗೋಲನ್ನು ನೆಲಕ್ಕೆ ಕುಟ್ಟಿದರು. ಆ ಮಾತು ಹಳೇಕೋಟೆಗೆ ತಲುಪಿತು. "ರಾಕ್ಷಸ್ರು ಅಂತ ಯಾರು ತೀರ್ಮಾನ ಮಾಡಿದ್ದು ಅಂತ ಗೌಡ್ರನ್ನ ಕೇಳಿ" ಎಂದು ಅಲ್ಲಿಂದ ಉತ್ತರ ಬಂತು. ಹೀಗೆ ಒಬ್ಬರನ್ನೊಬ್ಬರು ನೋಡದ ಇಬ್ಬರು ನಮ್ಮ ವ್ಯಾನಿನ ಮೂಲಕ ಜಗಳವಾಡತೊಡಗಿದರು. ಮಾತು ಒಯ್ಯುವ ಕೆಲಸ ಸಿದ್ದೇಶನದ್ದು. ಅವನಿಗೆ ಅದರಲ್ಲಿ ಬಹಳ ಹುರುಪು. ನನಗೆ ಮಾತ್ರ ಒಳಗೊಳಗೇ ಅಳುಕು. ಊರುಗಳಲ್ಲಿ ಇಂಥ ಮಾತು ಪುಸ್ತಕದಲ್ಲೇ ನಿಲ್ಲುತ್ತದೆಂದು ಹೇಳುವ ಹಾಗಿಲ್ಲ.

ಅಷ್ಟರಲ್ಲಿ ಹಾಸನದಿಂದ ಬೇರೆಯೇ ಸುದ್ದಿ ಬಂತು. ಟ್ರಸ್ಟಿನವರು ವ್ಯಾನು ನಿಲ್ಲಿಸುವ ಯೋಚನೆಯಲ್ಲಿದ್ದರು. ಎಲ್ಲರ ಕೈಯಲ್ಲೂ ಫೋನಿದೆ, ಈ ಕಾಲದಲ್ಲಿ ಹಳ್ಳಿಗೆ ಪುಸ್ತಕ ಒಯ್ಯುವುದು ಯಾಕೆ ಎಂಬುದು ಟ್ರಸ್ಟಿಗಳಲ್ಲಿ ಒಬ್ಬರಾದ ಬಟ್ಟೆ ಅಂಗಡಿಯ ಯಜಮಾನರ ವಾದ. ನಮ್ಮ ಕಾರ್ಯದರ್ಶಿ ಶ್ರೀಕಂಠಯ್ಯನವರು ಅದಕ್ಕೆ ಪೂರ್ತಿ ಒಪ್ಪಿರಲಿಲ್ಲ. ಅವರು ಹೈಸ್ಕೂಲು ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದವರು. ಶಿಸ್ತಿನ ಮನುಷ್ಯ, ಒಂದು ಹಾಳೆಯ ಮೂಲೆ ಮಡಚಿದ್ದರೂ ನನ್ನನ್ನು ಕರೆದು ಕೇಳುತ್ತಿದ್ದರು. ಆದರೆ ಯಾರಿಗಾದರೂ ಕಷ್ಟ ಎಂದರೆ ರಜೆ ಕೇಳುವ ಮೊದಲೇ ಕೊಡುತ್ತಿದ್ದರು. ಇಂಥ ಮೇಲಧಿಕಾರಿ ಸಿಗುವುದು ಪುಣ್ಯ. ಅವರೊಂದು ಉಪಾಯ ಮಾಡಿದರು. ಊರೂರಿನ ಓದುಗರನ್ನು ಹಾಸನಕ್ಕೆ ಕರೆಸಿ, ಒಂದು ಪುಸ್ತಕದ ಬಗ್ಗೆ ಮಾತಾಡಿಸುವುದು. ಟ್ರಸ್ಟಿಗಳು ಕೂತು ಕೇಳಿ, ಅವತ್ತೇ ವ್ಯಾನಿನ ವಿಷಯ ತೀರ್ಮಾನ ಮಾಡುವುದು.

ಯಾವ ಪುಸ್ತಕ ಎಂದು ಊರೂರಲ್ಲಿ ಕೇಳಿದೆ. ಎಲ್ಲ ಕಡೆಯೂ ಒಂದೇ ಉತ್ತರ. ಕಾರ್ಯದರ್ಶಿಗಳಿಗೆ ಹೇಳಿದಾಗ ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಆ ಕತ್ತಿ, ಹದ್ದು, ಗವಿ... ಅದನ್ನೇ? ತೂಕದ ಪುಸ್ತಕ ಒಂದೂ ಸಿಗಲಿಲ್ಲವೇ ನಿಮಗೆ?"

"ಜನ ಮಾತಾಡ್ತಿರೋದು ಅದರ ಬಗ್ಗೆ ಸಾರ್. ಬೇರೆಯದು ಕೊಟ್ಟರೆ ಉರು ಹೊಡೆದುಕೊಂಡು ಬಂದು ಒಪ್ಪಿಸ್ತಾರೆ."

"ಸರಿ. ಆದರೆ ಏನಾದರೂ ಆದರೆ ಟ್ರಸ್ಟಿಗಳಿಗೆ ನಾನು ಮುಖ ತೋರಿಸೋ ಹಾಗಿರಲಿ" ಎಂದರು.

ಸಭೆಗೆ ಯಾರು ಯಾರನ್ನು ಕರೆಯುವುದು ಎಂದು ಮಾತಾಡುತ್ತಿದ್ದಾಗ ಸಿದ್ದೇಶ ಮೊದಲ ಸಲ ನನ್ನ ಕೆಲಸದ ವಿಷಯಕ್ಕೆ ಬಾಯಿ ಹಾಕಿದ. "ಮೇಡಂ, ತಪ್ಪು ತಿಳ್ಕಬ್ಯಾಡಿ. ಹಳೇಕೋಟೆ ಸುಜಾತಮ್ಮನ್ನ ಮಾತ್ರ ಕರೀಬ್ಯಾಡಿ. ಅವ್ರು ಬಯ್ಯಕ್ ಶುರು ಮಾಡುದ್ರೆ ಗೌಡ್ರು ಸುಮ್ಕಿರಕಿಲ್ಲ. ಗಲಾಟೆ ಆದ್ರೆ ವ್ಯಾನೇ ಓಗ್ಬುಟ್ಟದೆ. ನಂಗೆ ಬ್ಯಾರೆ ಕೆಲ್ಸ ಯಾರ್ ಕೊಡ್ತಾರೆ?"

ಅವನು ಹೇಳಿದ್ದು ನ್ಯಾಯವಾಗಿಯೇ ಇತ್ತು. ಅವನ ಮಗಳು ಆಗ ತಾನೇ ನರ್ಸಿಂಗ್ ಸೇರಿದ್ದಳು. ಎರಡು ದಿನ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಹೊಗಳುವವರನ್ನಷ್ಟೇ ಕರೆದರೆ ಸಭೆ ಸಲೀಸು. ಆದರೆ ಊರೂರು ತಿರುಗಿ "ಹೇಗಿತ್ತು?" ಎಂದು ಕೇಳಿದವಳು ನಾನು. ಎಲ್ಲರಿಗಿಂತ ಚೆನ್ನಾಗಿ ಓದಿದವಳನ್ನೇ ಹೊರಗಿಟ್ಟರೆ ಇಷ್ಟು ವರ್ಷ ಕೇಳಿದ್ದಕ್ಕೆ ಏನರ್ಥ? ಹಳೇಕೋಟೆಗೆ ನಾನೇ ಫೋನು ಮಾಡಿದೆ. "ಬರ್ತೀನಿ ಮೇಡಂ. ಆದ್ರೆ ಮೆತ್ತಗೆ ಮಾತಾಡು ಅಂತ ಮಾತ್ರ ಹೇಳ್ಬೇಡಿ" ಎಂದಳು. ಹೇಳುವುದಿಲ್ಲ ಎಂದೆ.

ಒಂದು ಭಾನುವಾರ ಬೆಳಿಗ್ಗೆ ಹಾಸನದಲ್ಲಿ ಸಭೆ ಸೇರಿತು. ಟ್ರಸ್ಟಿನ ಹಜಾರ ತುಂಬಿತ್ತು. ಮುಂದಿನ ಸಾಲಿನಲ್ಲಿ ಟ್ರಸ್ಟಿಗಳು. ಸಿದ್ದೇಶ ಒಳಗೆ ಬರಲೊಲ್ಲದೆ ಬಾಗಿಲಲ್ಲೇ ನಿಂತ.

ಮೊದಲು ಎದ್ದವರು ಜಯಲಕ್ಷ್ಮಮ್ಮ. ಚಂಡಿಕೆ ಹೊಳೆಯಿಂದ ಈಜಿಬಂದು ರಾಣಿಯಾದ ಕತೆಯನ್ನು ಅವರು ಎಷ್ಟು ಸೊಗಸಾಗಿ ಹೇಳಿದರೆಂದರೆ ಮುಗಿದಾಗ ಚಪ್ಪಾಳೆ ಬಿತ್ತು. ಶ್ರೀಕಂಠಯ್ಯನವರು ನನ್ನ ಕಡೆ ಬಾಗಿ, "ಪರವಾಗಿಲ್ಲ, ಒಳ್ಳೆಯ ಮುಕ್ತಾಯ" ಎಂದರು. ಅದು ಪುಸ್ತಕದಲ್ಲಿಲ್ಲ ಎಂದು ಹೇಳುವ ಧೈರ್ಯ ನನಗೆ ಆಗಲಿಲ್ಲ.

ಆಮೇಲೆ ಗೌಡರು. ಬ್ಯಾರನ್ನಿನಿಂದ ಬಿದ್ದದ್ದು, ಮಂಚ, ಬಾಗಿಲು, ಮೆಟ್ಟಿಲು, ಎಲ್ಲ ಹೇಳಿದರು. "ಡಾಕುಟ್ರು ಮೂಳೆ ಕೂಡುಸುದ್ರು. ನಡ್ಯಾಕೆ ಧೈರ್ಯ ಕೊಟ್ಟಿದ್ದು ಈ ಪುಸ್ತಕ. ಇದುನ್ನ ಸುಳ್ಳು ಕತೆ ಅನ್ನೋರು ಬಂದು ನನ್ನ ಕಾಲ್ ನೋಡ್ಲಿ" ಎಂದು ಕೂತರು. ಹಜಾರವೇ ತಲೆದೂಗಿದಂತಾಯಿತು. ಟ್ರಸ್ಟಿಗಳೂ ತಲೆಯಾಡಿಸಿದರು. ಇಲ್ಲಿಗೇ ಮುಗಿಸಿದರೆ ವ್ಯಾನು ಉಳಿದಂತೆಯೇ ಎಂದು ನನ್ನ ಮನಸ್ಸು ಲೆಕ್ಕ ಹಾಕಿತು. ಆದರೂ ನಾನೇ ಸುಜಾತಳ ಹೆಸರು ಕೂಗಿದೆ.

ಅವಳು ವ್ಯಾನಿನಲ್ಲಿ ನನಗೆ ಹೇಳಿದ್ದನ್ನೇ ಹೇಳಿದಳು. ಮೆತ್ತಗೆ ಹೇಳಲಿಲ್ಲ, ಕೂಗಲೂ ಇಲ್ಲ. ಹೆಸರಿಲ್ಲದ ಮಸಿಯರು, ನೆರಳು ಬಿದ್ದರೆ ಕೆಡುವ ನೀರು, ಅಜ್ಜಿ. ಕೊನೆಗೆ ಗೌಡರ ಕಡೆಯೇ ತಿರುಗಿದಳು. "ನೀವು ಈ ಪುಸ್ತಕನ ನನಗಿಂತ ಜಾಸ್ತಿ ಸಲ ಓದಿದೀರ. ಒಬ್ಬ ಮಸಿಯನ ಹೆಸ್ರು ಹೇಳಿ ಗೌಡ್ರೆ."

ಬಟ್ಟೆ ಅಂಗಡಿಯ ಯಜಮಾನರು ಪಕ್ಕದವರಿಗೆ, "ನೋಡಿದ್ರಾ, ಇದಕ್ಕೇ ನಾನು ಹೇಳಿದ್ದು" ಎಂದದ್ದು ನನಗೂ ಕೇಳಿಸಿತು. ಗೌಡರು ಊರುಗೋಲು ಊರಿ ಎದ್ದರು. ಸಿದ್ದೇಶ ಬಾಗಿಲಿಂದ ಎರಡು ಹೆಜ್ಜೆ ಒಳಗೆ ಬಂದ.

ಗೌಡರು ಕಣ್ಣು ಮುಚ್ಚಿ, ತುಟಿ ಅಲುಗಿಸುತ್ತ ನಿಂತರು. ಪುಟಗಳನ್ನು ಒಂದೊಂದಾಗಿ ತಿರುವಿ ಹುಡುಕುತ್ತಿದ್ದಾರೆ ಎಂದು ಆಮೇಲೆ ನನಗೆ ಹೊಳೆಯಿತು.

"ಇಲ್ಲ ಕಣಮ್ಮ" ಎಂದರು ಕಡೆಗೆ. "ಕುದ್ರೆ ಎಸ್ರು ಬತ್ತದೆ, ಧವಳ. ಅದ್ದಿನ ಎಸ್ರೂ ಬತ್ತದೆ. ಮಸಿಯರ್ದು ಒಂದೂ ಇಲ್ಲ. ನಾನ್ ಗ್ಯಾನ್ವೇ ಮಾಡಿರ್ನಿಲ್ಲ." ಊರುಗೋಲು ಸರಿಮಾಡಿಕೊಂಡು, "ಆದ್ರೂ ನನ್ನ ನಡ್ಸಿದ್ದು ಅದೇ ಪುಸ್ತಕ. ಅದುನ್ನ ನಾನು ಇಲ್ಲ ಅನ್ನಕಾಗಲ್ಲ" ಎಂದರು.

"ಇಲ್ಲ ಅನ್ನಿ ಅಂತ ನಾನೆಲ್ಲಂದೆ?" ಎಂದಳು ಸುಜಾತ. "ನಿಮ್ಮನ್ನ ನಡೆಸಿದ್ದೂ ನಿಜ. ನಮ್ಮಂಥೋರನ್ನ ತುಳಿದಿದ್ದೂ ನಿಜ."

"ಎಲ್ಡೂ ಒಂದೇ ಪುಸ್ತಕನಾ?"

"ಒಂದೇ ಪುಸ್ತಕ ಗೌಡ್ರೆ."

ಬಟ್ಟೆ ಅಂಗಡಿಯವರು ಎದ್ದು ನಿಂತರು. "ಗೌಡರೇ, ನೀವೇ ಹೇಳಿ. ಹೀಗೆ ಜನರ ಮಧ್ಯೆ ಜಗಳ ಹಚ್ಚೋ ಪುಸ್ತಕನ ಊರೂರಿಗೆ ಒಯ್ಯಬೇಕಾ?"

ಗೌಡರು ಅವರ ಕಡೆ ಪೂರ್ತಿ ತಿರುಗಲೂ ಇಲ್ಲ. "ಜಗಳ ಎಲ್ಲದೆ ಸ್ವಾಮಿ? ಮಾತಾಡ್ತಾ ಇವ್ನಿ. ಮದ್ಯದಾಗೆ ಬರ್ಬ್ಯಾಡಿ, ಕುಂತ್ಕಳಿ."

ಜಯಲಕ್ಷ್ಮಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಆ ನಗು ಸಾಲಿನಿಂದ ಸಾಲಿಗೆ ಹಬ್ಬಿತು. ಬಟ್ಟೆ ಅಂಗಡಿಯವರೂ ನಗುತ್ತಲೇ ಕೂತರು.

ನಗು ನಿಂತ ಮೇಲೆ ಶ್ರೀಕಂಠಯ್ಯನವರು ಸುಜಾತಳನ್ನು ಕೇಳಿದರು: "ಅಲ್ಲಮ್ಮ, ಆ ಮಸಿಯರು ಸೂರ್ಯನನ್ನ ಯಾಕೆ ಕದ್ದರು?"

"ಕದ್ರು ಅಂತ ಹೇಳಿದ್ದು ಅರಮನೆಯೋರು ಸಾರ್. ಕದ್ದಿದ್ದನ್ನ ಪುಸ್ತಕದಲ್ಲಿ ಯಾರೂ ನೋಡಿಲ್ಲ." ಅವಳು ಒಂದು ಗಳಿಗೆ ಅವರ ಮುಖ ನೋಡಿದಳು. "ಸಾರ್, ನೀವು ಓದಿಲ್ವಾ?"

ಅವರ ಕೈಕೆಳಗೆ ದುಡಿದ ಅಷ್ಟು ವರ್ಷಗಳಲ್ಲಿ ಶ್ರೀಕಂಠಯ್ಯನವರು ನಾಚಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಇಲ್ಲಮ್ಮ. ಮುಖಪುಟ ನೋಡಿ ಬಿಟ್ಟಿದ್ದೆ" ಎಂದರು.

ಟ್ರಸ್ಟಿಗಳು ಒಳಗಿನ ಕೋಣೆಗೆ ಹೋದರು. ನಮಗೆ ಉಪ್ಪಿಟ್ಟು, ಕಾಫಿ ಕೊಟ್ಟರು. ಸಿದ್ದೇಶ ಹೊರಗೆ ಹೋಗಿ, ಬೆಳಿಗ್ಗೆಯಷ್ಟೇ ತೊಳೆದಿದ್ದ ವ್ಯಾನನ್ನು ಮತ್ತೆ ತೊಳೆಯಲು ಶುರು ಮಾಡಿದ. ಸುಜಾತ ಹಜಾರದ ಒಂದು ಮೂಲೆಯಲ್ಲಿ ಒಬ್ಬಳೇ ಕೂತಿದ್ದಳು. ಗೌಡರು ಕಾಫಿ ಲೋಟ ಹಿಡಿದು ಊರುಗೋಲಿನೊಂದಿಗೆ ಹೆಣಗಾಡುತ್ತ ಅಲ್ಲಿಗೆ ಹೋಗಿ ಪಕ್ಕದ ಕುರ್ಚಿಯಲ್ಲಿ ಕೂತದ್ದು ಕಂಡಿತು. ಏನು ಮಾತಾಡಿದರೋ ನನಗೆ ಕೇಳಿಸಲಿಲ್ಲ. ಅವಳು ಅವರ ಲೋಟ ಹಿಡಿದುಕೊಂಡಳು, ಅವರು ಕಾಲು ಚಾಚಿಕೊಂಡರು.

ಕೋಣೆಯ ಬಾಗಿಲು ತೆರೆದು ಶ್ರೀಕಂಠಯ್ಯನವರು ನೇರ ನನ್ನ ಬಳಿಗೆ ಬಂದರು. "ವ್ಯಾನು ಓಡಲಿ. ಟೈರು ಸವೆದಿದೆಯಂತಲ್ಲ, ಬದಲಾಯಿಸಲು ಹೇಳಿದ್ದೇನೆ" ಎಂದರು. ಅವರ ಕಂಕುಳಲ್ಲಿ ‘ನೀಲಿಗವಿಯ ಖಡ್ಗ’ ಇತ್ತು. "ಇದು ಸ್ವಲ್ಪ ದಿನ ನನ್ನ ಹತ್ತಿರ ಇರುತ್ತದೆ. ಯಾರಾದರೂ ಕೇಳಿದರೆ ಕಾಯಲು ಹೇಳಿ."

ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಸಿದ್ದೇಶನಿಗೆ ಹೇಳಿದೆ. ಅವನು ಬಕೆಟ್ಟಿನಲ್ಲಿ ಉಳಿದಿದ್ದ ನೀರನ್ನೆಲ್ಲ ಮುಖಕ್ಕೆ ಎರಚಿಕೊಂಡ.

ಮೂರು ಗಂಟೆಯ ಹೊತ್ತಿಗೆ ಎಲ್ಲರೂ ಹೊರಟರು. ಜಯಲಕ್ಷ್ಮಮ್ಮ ತಮ್ಮ ಬಸ್ಸು ಹಿಡಿದರು. ಸುಜಾತಳನ್ನು ಹಳೇಕೋಟೆಗೆ ಬಿಡಲು ವ್ಯಾನು ಹೊಳೆನರಸೀಪುರದ ದಾರಿ ಹಿಡಿಯಬೇಕಿತ್ತು. ಗೌಡರನ್ನು ಬಸ್ ನಿಲ್ದಾಣದಲ್ಲಿ ಇಳಿಸುವುದೆಂದು ಮಾತಾಗಿತ್ತು. ಅರಕಲಗೂಡಿನ ಮೇಲೆ ರಾಮನಾಥಪುರಕ್ಕೆ ಹೋಗುವ ಬಸ್ಸು ಎದುರಿಗೇ ನಿಂತಿತ್ತು, ಸೀಟೂ ಖಾಲಿ ಇತ್ತು. ಗೌಡರು ಮಾತ್ರ ಏಳಲಿಲ್ಲ. ಮಾರಧೀರನನ್ನು ರಾಜನ ಮಗ ಮಾಡದಿದ್ದರೆ ಅಷ್ಟು ದೊಡ್ಡ ಸೈನ್ಯ ಅವನ ಮಾತು ಹೇಗೆ ಕೇಳುತ್ತಿತ್ತು ಎಂದು ಸುಜಾತಳನ್ನು ಕೇಳುತ್ತಿದ್ದರು. ದೋಣಿಯವನ ಮಾತು ಕೇಳದ ಸೈನ್ಯ ಇದ್ದರೆಷ್ಟು ಬಿಟ್ಟರೆಷ್ಟು ಎಂದು ಅವಳು ವಾದಿಸುತ್ತಿದ್ದಳು.

"ಗೌಡ್ರೆ, ನಿಮ್ಮ ಬಸ್ಸು" ಎಂದ ಸಿದ್ದೇಶ.

"ಗೊತ್ತು ಕಣ್ಲಾ."

"ಈ ವ್ಯಾನು ನರಸೀಪುರದ್ ಕಡೀಕ್ ಓಯ್ತದೆ."

"ಓಗ್ಲಿ. ಅಲ್ಲಿಂದ ಬಸ್ಸಿಲ್ವಾ? ನೀನ್ ಓಡ್ಸು" ಎಂದು ಗೌಡರು ಮತ್ತೆ ಅವಳ ಕಡೆ ತಿರುಗಿದರು.

ಸಿದ್ದೇಶ ಗೇರು ಹಾಕಿದ. ಊರು ದಾಟಿ ಗಾಳಿ ಬೀಸತೊಡಗಿದ್ದಷ್ಟೇ ನನಗೆ ಗೊತ್ತು. ಎಷ್ಟೋ ದಿನಗಳಿಂದ ಸರಿಯಾಗಿ ಮುಚ್ಚದ ಕಣ್ಣು ತಾನಾಗಿ ಮುಚ್ಚಿತು. ಎಚ್ಚರವಾದಾಗ ವ್ಯಾನು ಹಳೇಕೋಟೆಯಲ್ಲಿ ಸುಜಾತಳ ಮನೆಯ ಮುಂದೆ ನಿಂತಿತ್ತು, ಎಂಜಿನ್ನು ಆರಿತ್ತು. ಅವಳ ತಾಯಿ ಬಾಗಿಲಿಗೆ ಬಂದು ನಿಂತು ನೋಡುತ್ತಿದ್ದರು. ನಮ್ಮ ಹಿಂದೆ ಇಬ್ಬರೂ ಇನ್ನೂ ಮಾತಾಡುತ್ತಲೇ ಇದ್ದರು. ಸಿದ್ದೇಶ ಕಿಟಕಿಗೆ ಮೊಣಕೈ ಊರಿ ಕೇಳುತ್ತಿದ್ದ. ಇಳಿಯಿರಿ ಎಂದು ನಾನೂ ಹೇಳಲಿಲ್ಲ.